ಬೇರೆಯವರ ಮಕ್ಕಳ ಲೇನು

ಜೂನ್ 3, ಸೋಮವಾರ. ಬೆಳಿಗ್ಗೆ 5.10

ಎದ್ದಾಯಿತು. ಯಾಕೆ ಎದ್ದೆ ಎಂದು ಕೇಳಿದರೆ ಉತ್ತರವಿಲ್ಲ. ಹನ್ನೊಂದು ವರ್ಷದ ಚಟ. ಎರಡು ಮೊಟ್ಟೆ ಬೇಯಲು ಇಟ್ಟೆ, ಆಮೇಲೆ ನೆನಪಾಯಿತು. ತಿನ್ನುವವಳು ಒಂಬತ್ತರವರೆಗೆ ಏಳುವುದಿಲ್ಲ. ಎದ್ದರೂ ಮೊಟ್ಟೆ ಕಂಡರೆ ಮುಖ ಸಿಂಡರಿಸುತ್ತಾಳೆ.

ಕೆಳಗೆ ಕಾರು ಸ್ಟಾರ್ಟ್ ಆದ ಸದ್ದು. ಇವರೇ. ಎಲ್ಲಿಗೆ ಎಂದು ಕಿಟಕಿಯಿಂದ ಕೇಳಿದೆ. "ಎಲ್ಲಿಗೂ ಇಲ್ಲ. ಓಡಿಸ್ದಿದ್ರೆ ಬ್ಯಾಟರಿ ಹೋಗುತ್ತೆ, ಸುಮ್ನೆ ಐದು ನಿಮಿಷ" ಎಂದರು. ಎಂಟು ದಿನದಿಂದ ದಿನಾ ಬ್ಯಾಟರಿ ಹೋಗುತ್ತಿದೆ. ಗಂಡಸರಿಗೆ ದುಃಖಪಡಲಿಕ್ಕೂ ಒಂದು ಮೆಷೀನು ಬೇಕು.

ಮಗಳಿಗೆ ಹದಿನೆಂಟು ತುಂಬಿತು. ಜೂನಿಯರ್ ಈಜು ಮುಗಿಯಿತು. ಸೀನಿಯರ್‌ನಲ್ಲಿ ನಿಲ್ಲುವಷ್ಟು ಟೈಮ್ ಅವಳದಲ್ಲ. ಅದು ಅವಳಿಗೂ ಗೊತ್ತು, ಕೋಚ್‌ಗೂ ಗೊತ್ತು. ಕೊನೆಯ ಮೀಟ್ ಮುಗಿದಾಗ ಟವೆಲ್ ಹಿಂಡಿ ಬ್ಯಾಗಿಗೆ ತುರುಕಿ "ಹಸಿವಾಗ್ತಿದೆ, ಹೋಗೋಣ" ಎಂದಳು. ಅಷ್ಟೇ. ಅತ್ತಿದ್ದು ಇವರು. ಪಾರ್ಕಿಂಗ್‌ನಲ್ಲಿ, ಯಾರದೋ ಕಾರಿಗೆ ಒರಗಿ, ಮೂಗು ಸೀಟುತ್ತಾ. ನೋಡಲಿಕ್ಕಾಗಲಿಲ್ಲ. ಕರ್ಚೀಫ್ ಕೊಟ್ಟು ಆಚೆ ಹೋಗಿ ನಿಂತೆ.

ಮೊಟ್ಟೆ ಎರಡನ್ನೂ ನಾನೇ ತಿಂದೆ.

ಜೂನ್ 4, ಮಂಗಳವಾರ

ಲ್ಯಾಬಿಗೆ ಏಳೂವರೆಗೇ ಹೋದೆ. ಬೀಗ ತೆಗೆದಿರಲಿಲ್ಲ. ಮೆಟ್ಟಿಲ ಮೇಲೆ ಕೂತೆ. ಗುಡಿಸುವವಳು ಬಂದು "ಏನು ಮೇಡಂ, ಮನೇಲಿ ಜಗಳನಾ?" ಎಂದಳು. ಮನೆಯಲ್ಲಿ ಏನೂ ಇಲ್ಲ ತಾಯಿ, ಅದೇ ತೊಂದರೆ.

ಹಗಲೆಲ್ಲ ಮಲ, ಮೂತ್ರ, ಕಫ, ರಕ್ತ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಅದರಿಂದ ಊಟ ಬಿಟ್ಟಿಲ್ಲ. ಇವತ್ತು ಊಟದ ಹೊತ್ತಿಗೆ ಫೋನ್ ತೆಗೆದರೆ ಈಜು ಮಕ್ಕಳ ತಂದೆತಾಯಿಯರ ಗ್ರೂಪಿನಲ್ಲಿ ಅರವತ್ತು ಮೆಸೇಜು. ಯಾರ ಮಗು ಎಷ್ಟು ಸೆಕೆಂಡು ಇಳಿಸಿತು, ಯಾರ ಮಗು ಯಾವ ಪ್ರೋಟೀನ್ ಪುಡಿ ಕುಡಿಯುತ್ತದೆ. ಒಬ್ಬಳು ಎಂಟು ವರ್ಷದ ಹುಡುಗಿಯ ಬೆನ್ನಿನ ಫೋಟೊ ಹಾಕಿದ್ದಾಳೆ, ಸ್ನಾಯು ನೋಡಿ ಎಂದು. ಊಟದ ಡಬ್ಬಿಯನ್ನು ಹಾಗೇ ಮುಚ್ಚಿದೆ.

ಮೂರು ವಾರದ ಹಿಂದೆ ನಾನೂ ಅಲ್ಲಿ ಚಪ್ಪಾಳೆಯ ಚಿತ್ರ ಕಳಿಸುತ್ತಿದ್ದೆ.

ಗ್ರೂಪಿನಿಂದ ಹೊರಗೆ ಬರಲಿಲ್ಲ. ಅದನ್ನೂ ಬರೆದಿಡಬೇಕು.

ಜೂನ್ 9, ಭಾನುವಾರ

ಕಾರಿನ ಸೀಟು ಕವರ್ ಬಿಚ್ಚಿ ತೊಳೆದೆವು. ಹನ್ನೊಂದು ವರ್ಷದ ಒದ್ದೆ ಟವೆಲಿನ ವಾಸನೆ. ಹಿಂದಿನ ಸೀಟಿನ ಸ್ಪಂಜಿನ ಕೆಳಗೆ ಕಪ್ಪು ಬೂಷ್ಟು, ಬಾಳೆಹಣ್ಣಿನ ಒಣಗಿದ ಸಿಪ್ಪೆ, ಒಂದು ಕಾಲಿನ ಸಾಕ್ಸು, ಎಣಿಸಲಾರದಷ್ಟು ಕೂದಲು. ಇವರು ಆ ಸಾಕ್ಸನ್ನು ಕೈಯಲ್ಲಿ ಹಿಡಿದು ನಿಂತರು. "ಏಳನೇ ವರ್ಷದ್ದಿರ್ಬೇಕು, ನೋಡು ಎಷ್ಟು ಚಿಕ್ಕದು" ಎಂದರು.

"ಬಕೆಟಿಗೆ ಹಾಕಿ" ಎಂದೆ.

"ಸ್ವಲ್ಪ ಇಟ್ಕೊಳ್ಳೋಣ."

"ಬೂಷ್ಟು ಹಿಡಿದಿದೆ. ಹಾಕಿ."

ಹಾಕಿದರು. ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ಮನುಷ್ಯ, ಊರವರಿಗೆಲ್ಲ ಕಣ್ಣು ಸರಿಮಾಡುತ್ತಾರೆ. ಬೂಷ್ಟು ಕಾಣಿಸುವುದಿಲ್ಲ.

ಮಗಳು ಬಾಲ್ಕನಿಯಲ್ಲಿ ಬ್ರೆಡ್ಡು ತಿನ್ನುತ್ತಾ ನಮ್ಮನ್ನು ನೋಡುತ್ತಿದ್ದಳು. ನಾವಿಬ್ಬರೂ ಪಾತ್ರಗಳು, ಅವಳು ಪ್ರೇಕ್ಷಕಿ. ಎಷ್ಟೋ ವರ್ಷ ಇದು ತಿರುಗುಮುರುಗಾಗಿತ್ತು.

ಜೂನ್ 14, ಶುಕ್ರವಾರ

ಐದನೇ ಲೇನಿನವಳು ಫೋನ್ ಮಾಡಿದಳು. ಹೆಸರಿದೆ ಅವಳಿಗೆ, ಆದರೆ ನಾವೆಲ್ಲ ಹಾಗೇ ಕರೆಯುವುದು. ಅವಳ ದೊಡ್ಡ ಮಗಳಿಗೆ ಯಾವಾಗಲೂ ಐದನೇ ಲೇನೇ ಬೀಳುತ್ತಿತ್ತು, ಇವಳು ಆ ತುದಿಯಲ್ಲಿ ನಿಂತು ಅರಚುತ್ತಿದ್ದಳು. ದೊಡ್ಡವಳದೂ ನಮ್ಮವಳ ಜೊತೆಗೇ ಮುಗಿಯಿತು. ಆದರೆ ಇವಳಿಗೆ ಇನ್ನೂ ಒಬ್ಬಳಿದ್ದಾಳೆ—ಚಿಕ್ಕವಳು, ಹನ್ನೊಂದು ವರ್ಷ.

"ಇಪ್ಪತ್ಮೂರಕ್ಕೆ ಸೆಲೆಕ್ಷನ್ ಮೀಟು ಕಣೇ. ನೀನು ಬರ್ಬೇಕು. ಟೈಂಕೀಪರ್ಸ್ ಕಮ್ಮಿ."

"ನಂದೇನಿದೆ ಅಲ್ಲಿ ಈಗ?"

"ನಿಂದೇನೂ ಇಲ್ಲ ಅಂತಾನೇ ಕರೀತಿರೋದು. ಮೂರನೇ ಲೇನ್ ನಿನಗೆ ಹಾಕ್ಸಿದೀನಿ. ಚಿಕ್ಕವಳು ಮೂರರಲ್ಲೇ ಇರ್ತಾಳೆ." ದನಿ ತಗ್ಗಿಸಿ, "ನಿನಗೆ ಹೇಳಿಕೊಡ್ಬೇಕಾ?"

ಹೇಳಿಕೊಡಬೇಕಾಗಿಲ್ಲ. ಈ ಪುಸ್ತಕವನ್ನು ನನ್ನ ಬಿಟ್ಟು ಯಾರೂ ಓದುವುದಿಲ್ಲ, ಆದ್ದರಿಂದ ಒಮ್ಮೆ ಸರಿಯಾಗಿ ಬರೆದುಬಿಡುತ್ತೇನೆ.

ನಮ್ಮ ಪೂಲಿನಲ್ಲಿ ಯಂತ್ರದ ಟೈಮಿಂಗ್ ಇಲ್ಲ. ಲೇನಿಗೊಬ್ಬರು ಸ್ಟಾಪ್‌ವಾಚ್ ಹಿಡಿದು ತುದಿಯಲ್ಲಿ ನಿಲ್ಲಬೇಕು. ಮಗುವಿನ ಕೈ ಗೋಡೆಗೆ ತಾಗಿದಾಗ ಒತ್ತಬೇಕು, ಚೀಟಿಯಲ್ಲಿ ಬರೆದು ಕೊಡಬೇಕು. ಯಾರು ಹಿಡಿಯುತ್ತಾರೆ? ತಂದೆತಾಯಿಯರೇ. ಇನ್ಯಾರು ಬರುತ್ತಾರೆ ಭಾನುವಾರ ಬೆಳಿಗ್ಗೆ ಆರಕ್ಕೆ? ನಿಯಮ ಒಂದೇ. ನಿಮ್ಮ ಮಗುವಿನ ಲೇನಿನಲ್ಲಿ ನೀವು ನಿಲ್ಲುವಂತಿಲ್ಲ. ಎಷ್ಟು ಒಳ್ಳೆಯ ನಿಯಮ. ಆದ್ದರಿಂದ ನಾನು ಅವಳ ಮಗಳ ಲೇನಿನಲ್ಲಿ ನಿಲ್ಲುತ್ತಿದ್ದೆ, ಅವಳು ನನ್ನ ಮಗಳದರಲ್ಲಿ. ಕೈ ಗೋಡೆಗೆ ತಾಗುವುದಕ್ಕೆ ಸ್ವಲ್ಪ ಮುಂಚೆ ಹೆಬ್ಬೆರಳು ಇಳಿಯುತ್ತಿತ್ತು. ಒಂದು ಎಳೆಯಷ್ಟು. ಯಾರೂ ಯಾರಿಗೂ ಬಾಯಿಬಿಟ್ಟು ಹೇಳಿದ್ದಿಲ್ಲ. ಮೊದಲ ವರ್ಷ ಅವಳು ನನ್ನ ಚೀಟಿ ನೋಡಿ ನನ್ನ ತೋಳು ಒತ್ತಿದಳು, ಮುಂದಿನ ರೇಸಿನಲ್ಲಿ ನನ್ನ ಮಗಳ ಟೈಮು ಎರಡು ಪಾಯಿಂಟ್, ಅಂದರೆ ಸೆಕೆಂಡಿನ ಹತ್ತರಲ್ಲಿ ಎರಡು ಪಾಲು, ಇಳಿದಿತ್ತು. ಅರ್ಥವಾಯಿತು. ಆಮೇಲೆ ಒಂಬತ್ತು ವರ್ಷ.

ಹೀಗೆ ಮಾಡುತ್ತಿದ್ದುದು ನಾವಿಬ್ಬರೇ ಅಲ್ಲ. ಅರ್ಧ ಪೂಲು ಹೀಗೇ.

ಬರುತ್ತೇನೆ ಎಂದುಬಿಟ್ಟೆ. ಸರಿಯಾಗಿ ಒತ್ತುತ್ತೇನೆ, ಅಷ್ಟೇ. ನನಗೀಗ ಯಾರ ಹಂಗು?

ಜೂನ್ 15, ಶನಿವಾರ

ಲಾಕರ್ ಬೀಗದ ಕೈ ಹಿಂತಿರುಗಿಸಲು ಪೂಲಿಗೆ ಹೋದೆ. ಮಗಳು ಬರಲೊಲ್ಲೆ ಎಂದಳು. ಹೆಂಗಸರ ಷವರಿನ ಮೋರಿ ಎಂದಿನಂತೆ ಕಟ್ಟಿದೆ. ಮೋರಿಯ ಬಾಯಲ್ಲಿ ಕೂದಲ ಉಂಡೆ, ಅದರಲ್ಲಿ ಒಂದು ಬ್ಯಾಂಡ್‌ಏಡ್ ಸಿಕ್ಕಿಕೊಂಡಿದೆ. ಇಲ್ಲಿ ಬರಿಗಾಲಲ್ಲಿ ನಿಂತು ಹನ್ನೊಂದು ವರ್ಷ ಮಗುವಿನ ತಲೆ ಒರೆಸಿದ್ದೇನೆ.

ಚಿಕ್ಕ ಪೂಲಿನಲ್ಲಿ ಅವಳಿದ್ದಳು—ಗಿಡ್ಡ ಕೂದಲಿನ ಹುಡುಗಿ. ನಮ್ಮವಳ ವಯಸ್ಸಿನವಳೇ, ನಮ್ಮವಳದೇ ಈಜು, ಬ್ರೆಸ್ಟ್ ಸ್ಟ್ರೋಕ್. ಎರಡು ವರ್ಷದ ಹಿಂದೆ ಬಿಟ್ಟಳು. ಈಗ ಶನಿವಾರ ಪುಟ್ಟ ಮಕ್ಕಳಿಗೆ ಕಲಿಸುತ್ತಾಳಂತೆ. ನನ್ನನ್ನು ಕಂಡು ಕೈಯೆತ್ತಿ "ಆಂಟಿ, ಚೆನ್ನಾಗಿದೀರಾ? ಅವಳು ಹೇಗಿದಾಳೆ?" ಎಂದಳು. ಚೆನ್ನಾಗಿದ್ದಾಳೆ, ಕೆಲಸವಿದೆ ಎಂದು ಬಂದುಬಿಟ್ಟೆ. ಬೀಗದ ಕೈ ಕೊಡಲಿಲ್ಲ. ಪರ್ಸಿನಲ್ಲೇ ಇದೆ.

ಇವರಿಗೆ ಮೀಟಿನಲ್ಲಿ ಮೈಕಿನ ಕೆಲಸ ಸಿಕ್ಕಿದೆ. ಹೀಟ್ ನಂಬರು, ಅಂದರೆ ಎಷ್ಟನೇ ಗುಂಪು ನೀರಿಗಿಳಿಯುತ್ತದೆ ಎಂಬುದು, ಮತ್ತು ಹೆಸರು ಕೂಗುವುದು. ಬಾತ್‌ರೂಮಿನಲ್ಲಿ ಅಭ್ಯಾಸ ನಡೆದಿದೆ. ಬಕೆಟ್ಟಿಗೆ ನಾಲ್ಕನೇ ಲೇನು, ಚೊಂಬಿಗೆ ಐದನೆಯದು.

ಜೂನ್ 23, ಭಾನುವಾರ. ಮಧ್ಯಾಹ್ನ 2.00

ಸೆಲೆಕ್ಷನ್ ಮೀಟ್ ಮುಗಿಸಿ ಈಗ ಬಂದೆ. ಸ್ನಾನ ಮಾಡಿದೆ. ಎರಡು ಸಲ.

ಮಗಳೂ ಬಂದಿದ್ದಳು. ಕೋಚ್ ಹಳೆಯ ಮಕ್ಕಳನ್ನೆಲ್ಲ ಚೀಟಿ ಒಯ್ಯಲು ಕರೆದಿದ್ದರಂತೆ, ಬೇಡ ಎನ್ನಲಿಕ್ಕಾಗದೆ ಒಪ್ಪಿಕೊಂಡಿದ್ದಾಳೆ. ಟೈಂಕೀಪರ್ ಹಿಂದೆ ನಿಲ್ಲುವುದು, ಬರೆದ ಚೀಟಿಯನ್ನು ಮೇಜಿಗೆ ಮುಟ್ಟಿಸುವುದು. ನನ್ನ ಹಿಂದೆಯೇ ನಿಂತಿದ್ದಳು.

ಮೈಕಿನಲ್ಲಿ ಇವರು. ಗಂಟಲು ಸರಿಮಾಡಿಕೊಳ್ಳುವುದೂ ಇಡೀ ಪೂಲಿಗೆ ಕೇಳಿಸಿತು.

ಐದನೇ ಲೇನಿನವಳ ಚಿಕ್ಕವಳು ಮೂರರಲ್ಲಿ. ಐವತ್ತು ಮೀಟರು. ಸರಿಯಾಗಿ ಒತ್ತಬೇಕೆಂದೇ ನಿಂತಿದ್ದೆ—ದೇವರಾಣೆಗೂ. ಬಗ್ಗಿ ಗೋಡೆ ನೋಡುತ್ತಿದ್ದೆ. ಹುಡುಗಿ ಬಂದಳು. ಕೈ ಚಾಚಿದಳು. ಬೆರಳಿಗೂ ಗೋಡೆಗೂ ಇನ್ನೂ ಒಂದು ಗೇಣು ನೀರಿತ್ತು. ಒತ್ತಿಬಿಟ್ಟೆ.

ಒತ್ತಬೇಕೆಂದು ಒತ್ತಿದ್ದಲ್ಲ. ಹೆಬ್ಬೆರಳು ತಾನೇ ಇಳಿಯಿತು. ನೀರಿನಲ್ಲಿ ನನ್ನವರು ಯಾರೂ ಇಲ್ಲ, ನನಗೆ ಬರುವುದೇನೂ ಇಲ್ಲ, ಆದರೂ ಇಳಿಯಿತು. ಬಾಯಿ ಚಪಲದವರು ಹೊಟ್ಟೆ ತುಂಬಿದ್ದರೂ ಕೈ ಹಾಕುತ್ತಾರಲ್ಲ, ಹಾಗೆ. ಇನ್ನೂ ಕೆಟ್ಟದ್ದೇನೆಂದರೆ, ಆ ಟೈಮನ್ನೇ ಬರೆದೆ. ಅಂಕಿ ಸ್ಪಷ್ಟವಾಗಿ, ಕೆಳಗೆ ಸಹಿ.

ಮಗಳು ಚೀಟಿ ತೆಗೆದುಕೊಂಡಳು. ಒಂದು ಕ್ಷಣ ಕದಲಲಿಲ್ಲ. ಆಮೇಲೆ ಮೇಜಿಗೆ ಕೊಟ್ಟು ಬಂದಳು.

ಚಿಕ್ಕವಳು ಸೆಲೆಕ್ಟ್ ಆದಳು. ಎರಡನೆಯವಳಾಗಿ, ಒಂದು ಪಾಯಿಂಟಿನಲ್ಲಿ. ಐದನೇ ಲೇನಿನವಳು ಬಂದು ತಬ್ಬಿಕೊಂಡಳು. ಮೈಯೆಲ್ಲ ಒದ್ದೆ, ಬೆವರು, ಕ್ಲೋರಿನ್ನು. ಕಿವಿಯಲ್ಲಿ "ನೀನು ಬಂಗಾರ ಕಣೇ" ಎಂದಳು.

ಜೂನ್ 23. ಸಂಜೆ 5.30

ಮೊದಲು ಬರೆಯದೆ ಬಿಟ್ಟದ್ದು.

ಇವರು ಮೈಕು ಕಟ್ಟಿಡಲು ನಿಂತರು. ನಾನೂ ಮಗಳೂ ನಡೆದು ಬಂದೆವು. ಔಷಧಿ ಅಂಗಡಿ ದಾಟಿದ ಮೇಲೆ ಅವಳೇ ಶುರುಮಾಡಿದಳು.

"ಅವಳ ಕೈ ಇನ್ನೂ ಗೋಡೆಗೆ ಬಂದಿರ್ಲಿಲ್ಲ ಅಮ್ಮ."

"ಯಾರದು?"

"ನೀನು ಒತ್ತಿದಾಗ."

"ಬೆರಳು ಜಾರ್ತು."

"ಜಾರಿದ್ರೆ ಹೇಳ್ಬೇಕಿತ್ತು. ನೀನು ಬರ್ದುಕೊಟ್ಟೆ."

ರಸ್ತೆ ದಾಟಿದೆವು. ಸಿಗ್ನಲ್ ಹತ್ತಿರ ನಿಂತಳು. ಹಸಿರಾದರೂ ಕದಲಲಿಲ್ಲ.

"ನನಗೂ ಹೀಗೇನಾ?"

"ನಿನ್ನ ಲೇನಲ್ಲಿ ನಾನು ಯಾವತ್ತೂ ವಾಚ್ ಹಿಡಿದಿಲ್ಲ."

"ಹೌದು. ನೀನು ಹಿಡೀತಿರ್ಲಿಲ್ಲ" ಎಂದಳು. ನನ್ನ ಮುಖ ನೋಡಲಿಲ್ಲ. "ಐದನೇ ಲೇನ್ ಆಂಟಿ ಹಿಡೀತಿದ್ರು."

ನಾನು ಏನಾದರೂ ಹೇಳಬಹುದಿತ್ತು. ಬಿಸಿಲು ಜೋರಿದೆ ನಡಿ ಎಂದೆ.

ಜುಲೈ 2, ಮಂಗಳವಾರ

ಒಂಬತ್ತು ದಿನ ಬರೆದಿಲ್ಲ. ಮಗಳು ಮಾತು ಬಿಟ್ಟಿಲ್ಲ—ಅದಾದರೂ ಮಾಡಿದ್ದರೆ ಜಗಳ ಆಡಬಹುದಿತ್ತು. ಬೇಕಾದಷ್ಟೇ ಮಾತು. ಗ್ಯಾಸ್ ಬಂತು. ಕಾಲೇಜಿಗೆ ಹೊರಟೆ. ಹಾಲು ಕೆಟ್ಟಿದೆ. ಹೊಸ ಮನೆಗೆಲಸದವಳ ಹತ್ತಿರ ಹೇಗಿರುತ್ತೇವೋ ಹಾಗೆ, ಮರ್ಯಾದೆಯಾಗಿ.

ಇವತ್ತು ಲ್ಯಾಬಿನಲ್ಲಿ ಒಬ್ಬರ ಸಕ್ಕರೆ ಅಂಶ ಅನುಮಾನ ಬರುವಷ್ಟು ಕಡಿಮೆ ಬಂತು. ಎರಡನೇ ಸಲ ಮಾಡಿದೆ. ಮೂರನೇ ಸಲ ಮಾಡಿದೆ. ಡಾಕ್ಟರು "ಸಾಕು ಬಿಡಿ ಮೇಡಂ, ನೀವು ಮಾಡಿದ್ಮೇಲೆ ಮುಗೀತು" ಎಂದರು. ಈ ಊರಿನಲ್ಲಿ ನನ್ನ ಸಹಿ ಇದ್ದ ರಿಪೋರ್ಟನ್ನು ಯಾರೂ ಪ್ರಶ್ನಿಸುವುದಿಲ್ಲ. ಅದು ನನ್ನ ಹೆಮ್ಮೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಅಂಕಿ ಬದಲಿಸಿಲ್ಲ. ವಾರಕ್ಕೆ ಆರು ದಿನ ದೇವರಂಥ ಹೆಂಗಸು, ಏಳನೇ ದಿನ ಪೂಲಿನಲ್ಲಿ ಕಳ್ಳಿ. ಮಧ್ಯೆ ಬಟ್ಟೆ ಬದಲಿಸಿದ್ದು ಬಿಟ್ಟರೆ ನನಗೆ ಏನೂ ಅನ್ನಿಸಲಿಲ್ಲ.

ಹದಿನಾಲ್ಕನೇ ತಾರೀಖು ಸರಿಯಾಗಿ ಬರೆಯುತ್ತೇನೆ ಎಂದು ಬರೆದದ್ದು ಸರಿಯಾಗಿಲ್ಲ. ಒಂದು ವಿಷಯ ಬಿಟ್ಟಿದ್ದೆ. ನನ್ನ ಸ್ವಂತ ಡೈರಿಗೂ ಸುಳ್ಳು.

ಎರಡು ವರ್ಷದ ಹಿಂದಿನ ಸೆಲೆಕ್ಷನ್. ನೂರು ಮೀಟರ್ ಬ್ರೆಸ್ಟ್ ಸ್ಟ್ರೋಕ್. ರಾಜ್ಯದ ಮೀಟಿಗೆ ಹೋಗುವ ದೊಡ್ಡ ತಂಡಕ್ಕೆ ಇಬ್ಬರು ಬೇಕು. ಒಬ್ಬಳು ಗ್ಯಾರಂಟಿ—ಬೇರೆ ಕ್ಲಬ್ಬಿನ ಉದ್ದನೆಯ ಹುಡುಗಿ. ಉಳಿದ ಒಂದು ಜಾಗ ನಮ್ಮವಳಿಗೋ, ಆ ಗಿಡ್ಡ ಕೂದಲಿನವಳಿಗೋ. ಇಬ್ಬರೂ ಬೇರೆ ಬೇರೆ ಹೀಟು. ಅಕ್ಕಪಕ್ಕ ಈಜಿದ್ದರೆ ಯಾರು ಮುಂದೆ ಎಂದು ಕಣ್ಣಿಗೆ ಕಾಣುತ್ತಿತ್ತು. ಬೇರೆ ಹೀಟಾದರೆ ಗಡಿಯಾರ ಹೇಳಿದ್ದೇ ನಿಜ.

ಮೊದಲ ಹೀಟು ಅವಳದು. ಅವಳ ಲೇನಿನಲ್ಲಿ ವಾಚು ನನ್ನದು.

ತುಂಬ ಚೆನ್ನಾಗಿ ಬಂದಳು. ಎರಡೂ ಕೈ ಸರಿಯಾಗಿ ಗೋಡೆಗೆ ತಾಗಿದವು. ನೋಡಿದೆ. ತಾಗಿದ್ದನ್ನು ನೋಡಿದೆ, ಒತ್ತಲಿಲ್ಲ. ಆಮೇಲೆ ಒತ್ತಿದೆ.

ಎಷ್ಟು ಹೊತ್ತು? ಗೊತ್ತಿಲ್ಲ. ವಾಚಿನಲ್ಲಿ 1.24.6 ಬಂತು, ಒಂದು ನಿಮಿಷ ಇಪ್ಪತ್ತನಾಲ್ಕು ಪಾಯಿಂಟ್ ಆರು ಸೆಕೆಂಡು. ಬರೆದುಕೊಟ್ಟೆ. ಎರಡನೇ ಹೀಟಿನಲ್ಲಿ ನಮ್ಮವಳದು, ಐದನೇ ಲೇನಿನವಳ ವಾಚಿನಲ್ಲಿ, 1.24.3. ನಮ್ಮವಳು ದೊಡ್ಡ ತಂಡಕ್ಕೆ ಹೋದಳು. ಅಲ್ಲಿ ಕೊನೆಯವಳಾದಳು. ಆ ಹುಡುಗಿ ಮುಂದಿನ ತಿಂಗಳಿಂದ ಪೂಲಿಗೆ ಬರಲಿಲ್ಲ. ಪಾಪ, ಓದಿನ ಕಡೆ ಗಮನ ಅಂತೆ ಎಂದು ನಾನೇ ಎಲ್ಲರಿಗೂ ಹೇಳಿಕೊಂಡು ಬಂದೆ.

ಬರೆದಾಯಿತು. ಅಕ್ಷರಗಳು ಎಂದಿನಂತೆ ದುಂಡಗಿವೆ. ಸೊಟ್ಟಗಾಗಿದ್ದರೆ ಸ್ವಲ್ಪ ಮರ್ಯಾದೆ ಉಳಿಯುತ್ತಿತ್ತೇನೋ.

ಜುಲೈ 5, ಶುಕ್ರವಾರ

ಕೋಚ್ ಹತ್ತಿರ ಹೋದೆ. ಈಗಿನದನ್ನಾದರೂ ಸರಿಮಾಡೋಣ ಎಂದು. ಚಿಕ್ಕವಳ ಟೈಮು ತಪ್ಪು, ನಾನು ಬೇಗ ಒತ್ತಿದೆ, ರದ್ದು ಮಾಡಿ ಎಂದೆ. ಅವರು ಕಿವಿಯಲ್ಲಿ ಬೆರಳಿಟ್ಟು ನೀರು ತೆಗೆಯುತ್ತಿದ್ದರು. ಬೆರಳನ್ನು ನೋಡಿ, ಚಡ್ಡಿಗೆ ಒರೆಸಿಕೊಂಡರು.

"ಲಿಸ್ಟ್ ಹೋಗಾಯ್ತು ಮೇಡಂ. ಕೈ ವಾಚು ಅಂದ್ರೆ ಹಿಂದೆಮುಂದೆ ಇದ್ದಿದ್ದೇ."

"ಹಿಂದೆಮುಂದೆ ಅಲ್ಲ. ಮುಂದೆ."

"ಎಲ್ರೂ ಮುಂದೇನೇ ಒತ್ತೋದು" ಎಂದು ನಕ್ಕರು. "ಎಲ್ರಿಗೂ ಅಷ್ಟೇ ಸಿಗುತ್ತಲ್ಲ. ಸರಿಹೋಗುತ್ತೆ."

ಎಲ್ಲರಿಗೂ ಸಿಗುವುದಿಲ್ಲ. ಯಾರ ತಾಯಿ ಭಾನುವಾರ ಕೆಲಸಕ್ಕೆ ಹೋಗುತ್ತಾಳೋ, ಯಾರಿಗೆ ಪೂಲಿನಲ್ಲಿ ಗೆಳತಿಯರಿಲ್ಲವೋ, ಅವರ ಮಕ್ಕಳಿಗೆ ನಿಜವಾದ ಟೈಮು ಸಿಗುತ್ತದೆ. ಆ ಗಿಡ್ಡ ಕೂದಲಿನವಳ ತಾಯಿ ಆಸ್ಪತ್ರೆಯಲ್ಲಿ ಆಯಾ. ಭಾನುವಾರ ಡ್ಯೂಟಿ. ಒಂದು ಮೀಟಿಗೂ ಬಂದದ್ದು ನೆನಪಿಲ್ಲ.

ಮನೆ ಸೇರುವಷ್ಟರಲ್ಲಿ ಐದನೇ ಲೇನಿನವಳ ಫೋನು. ಕೋಚ್ ಆಗಲೇ ಊದಿದ್ದಾರೆ.

"ಏನೇ ಇದು? ಹನ್ನೊಂದು ವರ್ಷದ ಮಗು ಅದು."

"ಹನ್ನೊಂದು ವರ್ಷ ಅಂತಾನೇ."

"ನಿನ್ನ ಮಗಳದು ಮುಗಿಯೋವರೆಗೂ ಬಾಯಿ ಮುಚ್ಕೊಂಡಿದ್ದೆ. ಮುಗಿದ್ಮೇಲೆ ನೀತಿ ಬಂತಾ? ನಾನು ನಿನ್ನ ಮಗಳಿಗೆ ಒತ್ತಿದ್ದು ಎಷ್ಟು ಸಲ ಅಂತ ಲೆಕ್ಕ ಇಟ್ಟಿದೀಯಾ?"

ಅವಳು ಹೇಳಿದ್ದು ಸರಿ. ಇಷ್ಟು ವರ್ಷದಲ್ಲಿ ಅವಳು ಹೇಳಿದ ಮೊದಲ ಸರಿಯಾದ ಮಾತು ಅದು, ಅದಕ್ಕೇ ಫೋನ್ ಇಟ್ಟುಬಿಟ್ಟೆ. ಗ್ರೂಪಿನಿಂದ ನನ್ನನ್ನು ತೆಗೆದುಹಾಕಿದ್ದಾರೆ. ಹೊರಗೆ ಬರಲು ನನ್ನಿಂದ ಆಗಿರಲಿಲ್ಲ, ತಳ್ಳಿಸಿಕೊಂಡೆ.

ಜುಲೈ 7, ಭಾನುವಾರ

ಮಗಳಿಗೆ ಹೇಳಿದೆ. ಎಲ್ಲವನ್ನೂ. ಬಟ್ಟೆ ಮಡಚುತ್ತಿದ್ದಳು, ಪಕ್ಕದಲ್ಲಿ ಕೂತು ಹೇಳಿದೆ. ಅವಳು ಮಡಚುವುದನ್ನು ನಿಲ್ಲಿಸಲಿಲ್ಲ. ಗಿಡ್ಡ ಕೂದಲಿನವಳ ವಿಷಯಕ್ಕೆ ಬಂದಾಗ ಕೈಯಲ್ಲಿದ್ದ ಟವೆಲನ್ನು ಮಡಿಲಲ್ಲಿ ಇಟ್ಟುಕೊಂಡಳು.

ಆಮೇಲೆ ಅಂದಳು, "ದೊಡ್ಡ ಮೀಟಲ್ಲಿ ಕೊನೆ ಬಂದೆನಲ್ಲ, ಆಗ ನನಗೆ ಏನೂ ಅನ್ನಿಸ್ಲಿಲ್ಲ ಅಮ್ಮ. ಯಾಕೆ ಗೊತ್ತಾ? ಒಂದು ಸಲ ನಾನು ನಿಜವಾಗ್ಲೂ ಚೆನ್ನಾಗಿ ಈಜಿದ್ದೆ. ಇಪ್ಪತ್ನಾಲ್ಕು ಪಾಯಿಂಟ್ ಮೂರು. ಆಮೇಲೆ ಯಾವತ್ತೂ ಅಷ್ಟು ಬರ್ಲಿಲ್ಲ. ಬರ್ದಿದ್ರೂ ಪರವಾಗಿಲ್ಲ, ಒಂದು ಸಲ ಬಂದಿದೆಯಲ್ಲ ಅಂತ ಇನ್ನೂ ಎರಡು ವರ್ಷ ದಿನಾ ಐದಕ್ಕೆ ಎದ್ದೆ."

ಟವೆಲನ್ನು ಮತ್ತೆ ಬಿಚ್ಚಿ ಮತ್ತೆ ಮಡಚಿದಳು.

"ಅದೂ ನಂದಲ್ಲ ಅಂತ ಆಯ್ತು."

ಅವಳ ತಲೆ ಮೇಲೆ ಕೈ ಇಡಲು ಹೋದೆ. ಸರಿದಳು. ಜೋರಾಗಿ ಅಲ್ಲ, ಬಸ್ಸಿನಲ್ಲಿ ಅಪರಿಚಿತರ ಮೈ ತಾಗಿದರೆ ಸರಿಯುವಂತೆ. ನನ್ನ ಮಗುವಿಗೆ ನನ್ನನ್ನು ಕಂಡರೆ ಹೇಸಿಗೆ. ನನಗೂ ಅಷ್ಟೇ ಮಗಳೇ. ಇಷ್ಟು ದಿನ ಯಾರ್‍ಯಾರ ಮೇಲೋ ಹಾಕಿ ಬರೆದೆ—ಗ್ರೂಪು, ಮೋರಿ, ಕೋಚ್ ಚಡ್ಡಿ. ನನ್ನ ಕೈ ನೋಡಿದರೆ ಸಾಕಿತ್ತು.

"ಅವಳಿಗೆ ಹೇಳ್ತೀಯಾ?" ಎಂದಳು.

"ಈಗ ಹೇಳಿ ಏನು ಪ್ರಯೋಜನ?"

"ನಿನಗೆ ಪ್ರಯೋಜನ ಆಗ್ಲಿ ಅಂತ ಹೇಳ್ತಿಲ್ಲ."

ಜುಲೈ 10, ಬುಧವಾರ. ರಾತ್ರಿ 9.00

ಇವರಿಗೂ ಹೇಳಿದೆ. ಬೆಳಿಗ್ಗೆ ಕಾರಿನಲ್ಲೇ ಕೂತು, ಬ್ಯಾಟರಿ ಉಳಿಸುವ ಹೊತ್ತಿನಲ್ಲಿ. ಸ್ಟಿಯರಿಂಗ್ ಹಿಡಿದುಕೊಂಡೇ ಕೇಳಿದರು.

"ಹಳೇದನ್ನ ಯಾಕೆ ಕೆದಕ್ತೀಯ? ಅವಳು ಚೆನ್ನಾಗಿ ಈಜಿದ್ಲು. ನನ್ನ ಹತ್ರ ವಿಡಿಯೊ ಇದೆ."

ಆಗ ಹೊಳೆಯಿತು.

ಇವರ ಹತ್ತಿರ ಎಲ್ಲವೂ ಇದೆ, ಹನ್ನೊಂದು ವರ್ಷದ ಎಲ್ಲ ರೇಸು. ಆ ದಿನದ ನಮ್ಮವಳ ರೇಸನ್ನು ಹುಡುಕಿ ಕೊಟ್ಟರು. ಬ್ಯಾಗಿನಲ್ಲಿದ್ದ ಲ್ಯಾಬಿನ ಟೈಮರ್ ತಂದು ಅಡುಗೆಮನೆ ಮೇಜಿನ ಮೇಲೆ ಫೋನ್ ನಿಲ್ಲಿಸಿ ಅಳೆದೆ. ಸೀಟಿ ಊದಿದಾಗ ಶುರು, ಎರಡೂ ಕೈ ಗೋಡೆಗೆ ತಾಗಿದಾಗ ಒತ್ತು. 1.24.9. ಮತ್ತೆ. 1.24.8. ಮತ್ತೆ. 1.24.9. ನಾನು ತಡವಾಗಿ ಒತ್ತಿದ ಮೇಲೂ ಆ ಹುಡುಗಿಯದು ಇಪ್ಪತ್ತನಾಲ್ಕು ಪಾಯಿಂಟ್ ಆರು. ಎಷ್ಟು ತಡವೋ ಅಷ್ಟನ್ನೂ ಕಳೆದರೆ ಇನ್ನೂ ಕಡಿಮೆ. ಎಷ್ಟು ಕಡಿಮೆ?

ಅವಳ ಹೀಟಿನ ವಿಡಿಯೊ ಇದೆಯಾ ಎಂದು ಕೇಳಿದೆ.

"ಅದನ್ಯಾಕೆ ನಾನು ತೆಗೀಲಿ?" ಎಂದರು.

ನಿಜ. ಬೇರೆಯವರ ಮಗಳನ್ನು ಯಾಕೆ ತೆಗೆಯುತ್ತಾರೆ. ಆದರೆ ನಮ್ಮವಳ ವಿಡಿಯೊದ ಶುರುವಿನಲ್ಲಿ, ಸೀಟಿಗೂ ಮುಂಚೆ, ನಾಲ್ಕು ಸೆಕೆಂಡು ಅವಳಿದ್ದಾಳೆ. ಈಗಷ್ಟೇ ಈಜಿ ಮುಗಿಸಿ ಏಣಿ ಹತ್ತುತ್ತಿದ್ದಾಳೆ. ತಲೆಯೆತ್ತಿ ಟೈಂಕೀಪರನ್ನು, ಅಂದರೆ ನನ್ನನ್ನು, ನೋಡಿ ನಗುತ್ತಿದ್ದಾಳೆ. ಎಷ್ಟು ಬಂತು ಎಂದು ಕೇಳುತ್ತಿರಬೇಕು. ನಾನು ತಲೆಬಗ್ಗಿಸಿ ಬರೆಯುತ್ತಿದ್ದೇನೆ.

ಇವರು ನನ್ನ ಭುಜದ ಮೇಲಿಂದ ನೋಡುತ್ತಿದ್ದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಹಾಕಿಕೊಂಡು ಮತ್ತೆ ನೋಡಿದರು. ಕಾರು ಸ್ಟಾರ್ಟ್ ಆಗಿಯೇ ಇತ್ತು. ಹೋಗಿ ಆರಿಸಿದರು.

ಸಂಜೆ ಮಗಳಿಗೆ ಅವಳ ಟೈಮು ಹೇಳಿದೆ. 1.24.9. "ಸರಿ" ಎಂದಳು. ಆಮೇಲೆ, "ಅದೂ ಏನು ಕೆಟ್ಟದಲ್ಲ" ಎಂದಳು. ಅದು ಎರಡೂವರೆ ವಾರದಲ್ಲಿ ಅವಳು ನನ್ನ ಜೊತೆ ಆಡಿದ ಮೊದಲ ಮೆದು ಮಾತು ಅನ್ನಿಸಿತು.

"ಶನಿವಾರ ಹೋಗ್ತೀನಿ. ಅವಳಿಗೆ ಹೇಳ್ತೀನಿ" ಎಂದೆ.

"ಇದ್ದದ್ದನ್ನ ಇದ್ದ ಹಾಗೆ ಹೇಳು. ಸೇರಿಸ್ಬೇಡ, ತೆಗೀಬೇಡ."

ಜುಲೈ 13, ಶನಿವಾರ. ಬೆಳಿಗ್ಗೆ 10.40

ಹೋಗಿ ಬಂದೆ. ಮರೆಯುವ ಮುಂಚೆ ಬರೆದುಬಿಡಬೇಕು.

ಚಿಕ್ಕ ಪೂಲಿನಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತಿದ್ದಳು. ಆರು ಪುಟ್ಟ ಮಕ್ಕಳು ಗೋಡೆ ಹಿಡಿದು ಕಾಲು ಬಡಿಯುತ್ತಿದ್ದರು. ಐದು ನಿಮಿಷ ಮಾತಾಡಬೇಕು ಎಂದೆ. "ಇಲ್ಲೇ ಹೇಳಿ ಆಂಟಿ, ಇವರನ್ನ ಬಿಟ್ಟು ಬರೋ ಹಾಗಿಲ್ಲ" ಎಂದಳು. ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತೆ. ನೀರು ಮುಖಕ್ಕೆ ಎರಚುತ್ತಿತ್ತು.

ಹೇಳಿದೆ. ನಮ್ಮ ಕೊಡುಕೊಳ್ಳುವಿಕೆ ಹೇಳಿದೆ. ಅವಳ ಕೈ ಗೋಡೆಗೆ ತಾಗಿದ್ದನ್ನು ನೋಡಿಯೂ ಒತ್ತಲಿಲ್ಲ ಎಂದು ಹೇಳಿದೆ. ವಿಡಿಯೊ ಅಳೆದದ್ದನ್ನು, ಆ ಜಾಗ ಅವಳದೇ ಎಂಬುದನ್ನು ಹೇಳಿದೆ. ತಪ್ಪಾಯ್ತು ಅನ್ನುವುದು ಬಹಳ ಚಿಕ್ಕ ಮಾತು, ಆದರೂ ತಪ್ಪಾಯ್ತು ಅಂದೆ. ಅವಳು ಮಕ್ಕಳ ಕಡೆ ಒಂದು ಕಣ್ಣಿಟ್ಟುಕೊಂಡೇ ಕೇಳಿದಳು. ಮಧ್ಯೆ ಒಂದು ಮಗುವಿನ ಗಲ್ಲ ಹಿಡಿದು ನೀರಿನಿಂದ ಮೇಲೆತ್ತಿದಳು.

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿ ಎಂದೇ ಹೋಗಿದ್ದೆ. ಬೈದಿದ್ದರೆ ಎದ್ದು ಬರಬಹುದಿತ್ತು.

"ನಾನು ಅವತ್ತು ಚೆನ್ನಾಗಿ ಬಂದೆ ಅಂತ ಗೊತ್ತಿತ್ತು ಆಂಟಿ" ಎಂದಳು. "ಚೀಟಿ ನೋಡಿದ್ಮೇಲೆ ನನಗೇ ನನ್ನ ಮೇಲೆ ನಂಬಿಕೆ ಹೋಯ್ತು. ಚೆನ್ನಾಗಿ ಈಜಿದೀನಿ ಅನ್ನಿಸೋದೇ ಸುಳ್ಳು ಅಂದ್ರೆ, ಇನ್ನು ಹೇಗೆ ಈಜೋದು ಅಂತ. ಅದಕ್ಕೇ ಬಿಟ್ಟೆ."

ಮಕ್ಕಳ ಕಾಲು ಬಡಿತ ನಿಂತಿತ್ತು. ಎಲ್ಲವೂ ನಮ್ಮನ್ನೇ ನೋಡುತ್ತಿದ್ದವು. ಅವಳು ಒಂದು ಹೆಜ್ಜೆ ಹತ್ತಿರ ಬಂದಳು. ಕೋಪವಿರಲಿಲ್ಲ ಮುಖದಲ್ಲಿ. ವಿಡಿಯೊದಲ್ಲಿ ಏಣಿ ಹತ್ತುವಾಗ ಇದ್ದ ಮುಖ.

"ಹಾಗಾದ್ರೆ ನಂದು ಎಷ್ಟು ಬಂದಿತ್ತು ಆಂಟಿ?"

ಗೊತ್ತಿಲ್ಲ. ಅದು ಉತ್ತರ. ಯಾರಿಗೂ ಗೊತ್ತಿಲ್ಲ, ಯಾವತ್ತೂ ಗೊತ್ತಾಗುವುದಿಲ್ಲ, ಆ ಅಂಕಿಯನ್ನು ನಾನು ಹುಟ್ಟಲಿಕ್ಕೇ ಬಿಡಲಿಲ್ಲ. ಅಷ್ಟು ಹೇಳಬೇಕಿತ್ತು. ಸೇರಿಸದೆ, ತೆಗೆಯದೆ.

ಅವಳು ಕಾಯುತ್ತಿದ್ದಳು.

"ಇಪ್ಪತ್ನಾಲ್ಕು ಪಾಯಿಂಟ್ ಒಂದು" ಎಂದೆ.

ಎಲ್ಲಿಂದ ಬಂತೋ. ಕೇಳಿದ ತಕ್ಷಣ ಬಂತು, ಸಲೀಸಾಗಿ, ಸಹಿ ಹಾಕಿದಷ್ಟು ಸ್ಪಷ್ಟವಾಗಿ. ಅವಳು ಕಣ್ಣು ಮುಚ್ಚಿ ತುಟಿಯಲ್ಲೇ ಒಮ್ಮೆ ಹೇಳಿಕೊಂಡಳು. ಇನ್ನೊಮ್ಮೆ ಹೇಳಿಕೊಂಡಳು. ನಕ್ಕಳು. ಅಷ್ಟು ಚೆನ್ನಾಗಿ ಯಾರೂ ನನ್ನೆದುರು ನಕ್ಕಿಲ್ಲ. "ಅಮ್ಮಂಗೆ ಹೇಳ್ತೀನಿ ಇವತ್ತು" ಎಂದಳು. ಒದ್ದೆ ಕೈಯಿಂದ ನನ್ನ ಕೈ ಹಿಡಿದು ಥ್ಯಾಂಕ್ಸ್ ಆಂಟಿ ಎಂದಳು. ನನಗೆ ಥ್ಯಾಂಕ್ಸ್.

ಷವರಿನ ಮೋರಿಯ ಹತ್ತಿರ ನಿಂತು ವಾಂತಿ ಮಾಡಿಕೊಂಡೆ.

ಹಿಂತಿರುಗಿ ಹೋಗಿ ಸುಳ್ಳು ಎಂದು ಹೇಳಲೇ? ಎರಡನೇ ಸಲ ಅವಳ ಕೈಯಿಂದ ಕಿತ್ತುಕೊಳ್ಳಲೇ? ಹೇಳದಿದ್ದರೆ—

ಮಗಳು ಎದ್ದಿದ್ದಾಳೆ. ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಾಳೆ. ಎಷ್ಟೋ ದಿನದ ಮೇಲೆ ನನಗೆ ಟೀ ಮಾಡಿ ತಂದಿದ್ದಾಳೆ. ಲೋಟ ಮೇಜಿನ ಮೇಲಿಟ್ಟು ಪಕ್ಕದಲ್ಲಿ ಕೂತಳು. ಹತ್ತಿರ, ಭುಜ ತಾಗುವಷ್ಟು.

"ಇದ್ದ ಹಾಗೇ ಹೇಳಿದ್ಯಾ ಅಮ್ಮ?" ಎನ್ನುತ್ತಿದ್ದಾಳೆ.

ನಾನು